ಮಾತ್ರೆ ಮೊದಲು ಬಂತು, ಮಾತು ತಡವಾಗಿ ಬಂತು

ಈ ಸಲದ ಕಥೆ ಶುರುವಾಗೋದು ಒಂದು ಬಸ್ಸಿನಲ್ಲಿ.

ಅಮ್ಮತ್ತಿ ನಿಮಗೆ ಗೊತ್ತಿರಬಹುದು. ದಕ್ಷಿಣ ಕೊಡಗಿನಲ್ಲಿ, ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗೋ ರಸ್ತೆಯಲ್ಲಿ ಸಿಗೋ ಒಂದು ಚಿಕ್ಕ ಪೇಟೆ. ಸುತ್ತ ಕಾಫಿ ತೋಟ, ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ತೋಟದೊಳಗೆ ಸಾಲಾಗಿ ಲೈನ್ ಮನೆಗಳು. ಅಲ್ಲಿಂದ ಬೆಳಗಿನ ಬಸ್ಸಿಗೆ ಒಬ್ಬ ಅಜ್ಜಿ, ಅವರ ಜೊತೆ ಹನ್ನೆರಡು ವರ್ಷದ ಮೊಮ್ಮಗಳು ಹತ್ತುತ್ತಾರೆ ಅಂದ್ಕೊಳ್ಳಿ. ಮಡಿಕೇರಿಗೆ ಹೋಗಬೇಕು, ಗಂಟೆಗೂ ಮೇಲಿನ ದಾರಿ. ಹುಡುಗಿ ಶಾಲೆಯಲ್ಲಿ "ಅಜ್ಜಿಗೆ ಹುಷಾರಿಲ್ಲ, ಜೊತೆಗೆ ಹೋಗ್ಬೇಕು ಮಿಸ್" ಅಂತ ಹೇಳಿ ರಜೆ ತಗೊಂಡಿದ್ದಾಳೆ. ಅಜ್ಜಿ ತೋಟದ ಮೇಸ್ತ್ರಿ ಹತ್ರ "ಮೊಮ್ಮಗಳಿಗೆ ಹುಷಾರಿಲ್ಲ" ಅಂತ ಹೇಳಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಾರೆ. ಇಬ್ಬರಲ್ಲಿ ಒಬ್ಬರ ಮಾತು ನಿಜ. ಯಾವುದು ಅಂತ ಹುಡುಗಿಗೆ ಇನ್ನೂ ಯಾರೂ ಬಾಯಿ ಬಿಟ್ಟು ಹೇಳಿಲ್ಲ.

"ಅಂದ್ಕೊಳ್ಳಿ" ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ಈ ಇಬ್ಬರು ಇಂಥವರೇ ಅಂತ ಬೆರಳಿಟ್ಟು ತೋರಿಸೋ ವ್ಯಕ್ತಿಗಳಲ್ಲ. ಎಚ್‌ಐವಿ ಜೊತೆ ಬದುಕ್ತಿರೋ ಒಂದು ಮಗುವನ್ನ ಹುಡುಕಿ ಮೈಕ್ ಮುಂದೆ ಕೂರಿಸೋದು ನನಗೆ ಬೇಡ ಅನ್ನಿಸ್ತು. ಒಪ್ಪಿಗೆ ಇಲ್ಲದೆ ಗುರುತು ಬಿಟ್ಟುಕೊಟ್ಟರೆ ಅದು ಕಾನೂನಿಗೂ ವಿರುದ್ಧ. ಹಾಗಾಗಿ ಅಜ್ಜಿ ಮತ್ತು ಮೊಮ್ಮಗಳು ನನ್ನ ಕಲ್ಪನೆ. ಅವರ ದಾರಿಯಲ್ಲಿ ಬರೋ ಕಾಯ್ದೆ, ಆಸ್ಪತ್ರೆ, ಮಾತ್ರೆ, ಇಸವಿ ಎಲ್ಲ ನಿಜ.

ನನ್ನ ಪ್ರಶ್ನೆ ಇಷ್ಟೇ. ಈ ಹುಡುಗಿಗೆ ಮಾತ್ರೆ ಸಿಗ್ತಿದೆ, ಅದೂ ಪುಕ್ಕಟೆಯಾಗಿ. ಆದರೆ ಆ ಮಾತ್ರೆಯ ಜೊತೆ ಬದುಕೋದು ಹೇಗೆ ಅಂತ ಹೇಳಿಕೊಡೋಕೆ ನಮಗೆ ಯಾಕೆ ಇಷ್ಟು ತಡವಾಯ್ತು?

ಮೊದಲು ತೋಟದಿಂದಲೇ ಶುರು ಮಾಡೋಣ. ತೋಟದ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ, ಮನೆ, ಮಕ್ಕಳಿಗೆ ಶಿಶುವಿಹಾರ ಕೊಡಬೇಕಾದ್ದು ಮಾಲೀಕರ ಹೊಣೆ ಅಂತ ಹೇಳಿದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. ಅಮ್ಮತ್ತಿಯ ಪಕ್ಕದಲ್ಲೇ ಪಾಲಿಬೆಟ್ಟ ಇದೆ. ಮೊದಲು ಕನ್ಸಾಲಿಡೇಟೆಡ್ ಕಾಫಿ, ಆಮೇಲೆ ಟಾಟಾ ಕಾಫಿ ಅಂತ ಹೆಸರಾದ ಕಂಪನಿಯ ಊರು ಅದು. ಅಮ್ಮತ್ತಿಯಲ್ಲಿ ರೂರಲ್ ಇಂಡಿಯಾ ಹೆಲ್ತ್ ಪ್ರಾಜೆಕ್ಟ್ ಆಸ್ಪತ್ರೆ ಇದೆ, ಎಲ್ಲರೂ ಆರ್‌ಐಎಚ್‌ಪಿ ಅಂತಲೇ ಕರೀತಾರೆ. ತೋಟದವರಿಗೂ ಊರವರಿಗೂ ಅದು ಆಸರೆ. ಅಂದ್ರೆ ಗುಡ್ಡಗಾಡಾದರೂ ಇದು ಡಾಕ್ಟರೇ ಕಾಣದ ಜಾಗ ಅಲ್ಲ.

ಆದರೆ ತೋಟದ ವೈದ್ಯಕ್ಕೆ ಒಂದು ರೂಢಿ ಇತ್ತು. ಜ್ವರ ಬಂತು, ಔಷಧಿ ಕೊಡು. ಕತ್ತಿ ತಾಗಿತು, ಹೊಲಿಗೆ ಹಾಕು. ಹೆರಿಗೆ ಆಯ್ತು, ಮನೆಗೆ ಕಳಿಸು. ಹಿಂದಿನ ಕಾಲದಲ್ಲಿ ಕೊಡಗಿನ ತೋಟಗಳನ್ನ ಕಾಡಿದ ಮಲೇರಿಯಾ ಕೂಡ ಹಾಗೇ: ಬರೋದು, ಹೋಗೋದು, ಇಲ್ಲಾ ಕೊಲ್ಲೋದು. ಜೀವನಪೂರ್ತಿ ಜೊತೆಗೇ ಇರೋ, ಹೊರಗೆ ಕಾಣದ, ಹೆಸರು ಹೇಳೋಕೂ ಹೆದರೋ ಒಂದು ಸೋಂಕಿಗೆ ಈ ರೂಢಿ ಸಾಲ್ತಿರಲಿಲ್ಲ. ಇದು ಕೊಡಗಿನದ್ದೊಂದೇ ಕಥೆ ಅಲ್ಲ, ಇಡೀ ದೇಶದ್ದು.

1986. ಚೆನ್ನೈ, ಆಗಿನ ಮದ್ರಾಸ್. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ಲಪ್ಪನ್ ನಿರ್ಮಲಾ ಅನ್ನೋ ವಿದ್ಯಾರ್ಥಿನಿ, ತನ್ನ ಮಾರ್ಗದರ್ಶಿ ಸುನೀತಿ ಸಾಲೊಮನ್ ಹೇಳಿದ ಹಾಗೆ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿ, ವೆಲ್ಲೂರಿನ ಸಿಎಂಸಿಗೆ ಒಯ್ದು ಪರೀಕ್ಷೆ ಮಾಡಿದರು. ಭಾರತದಲ್ಲಿ ಎಚ್‌ಐವಿ ಇದೆ ಅಂತ ಮೊದಲು ಗೊತ್ತಾಗಿದ್ದು ಹಾಗೆ. ಆರು ವರ್ಷದ ನಂತರ, 1992ರಲ್ಲಿ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅಂದ್ರೆ ನ್ಯಾಕೋ ಶುರುವಾಯ್ತು. ಆಗಿನ ಗೋಡೆಬರಹಗಳು ನಿಮ್ಮ ಅಪ್ಪ-ಅಮ್ಮನಿಗೆ ನೆನಪಿರಬಹುದು, ಕೇಳಿ ನೋಡಿ. ತಲೆಬುರುಡೆ, ಎಲುಬು, ಸಾವು. ಹೆದರಿಸಿದರೆ ಜನ ಎಚ್ಚರ ಆಗ್ತಾರೆ ಅನ್ನೋ ಲೆಕ್ಕ. ಜನ ಹೆದರಿದರು, ಅದು ನಿಜ. ಆದರೆ ಆ ಹೆದರಿಕೆ ಹೋಗಿ ಕೂತಿದ್ದು ರೋಗದ ಮೇಲಲ್ಲ, ರೋಗಿಯ ಮೇಲೆ.

ಆ ಚಿತ್ರದಲ್ಲಿ ಮಕ್ಕಳು ಎಲ್ಲೂ ಇರಲಿಲ್ಲ. ಇರದೇ ಇದ್ದಿದ್ದಕ್ಕೆ ಒಂದು ಕ್ರೂರವಾದ ಕಾರಣವೂ ಇದೆ. ಏನೂ ತಡೆ ಮಾಡದಿದ್ದರೆ ಸೋಂಕಿರೋ ತಾಯಿಯಿಂದ ಮಗುವಿಗೆ ಸೋಂಕು ದಾಟೋ ಸಾಧ್ಯತೆ ಶೇ. 15ರಿಂದ 45. ಹಾಗೆ ಸೋಂಕು ತಗುಲಿದ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ ಹೆಚ್ಚುಕಡಿಮೆ ಅರ್ಧ ಮಕ್ಕಳು ಎರಡು ವರ್ಷ ತುಂಬೋ ಮೊದಲೇ ತೀರಿಕೊಳ್ತಾರೆ. ಭೇದಿ ಅಂತಲೋ, ನ್ಯುಮೋನಿಯಾ ಅಂತಲೋ, ದೃಷ್ಟಿ ತಾಗಿದೆ ಅಂತಲೋ ಮಣ್ಣಾದ ಮಕ್ಕಳು. ಅವರು ಹನ್ನೆರಡನೇ ವರ್ಷಕ್ಕೆ ಕಾಲಿಡ್ತಾರೆ ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಹನ್ನೆರಡನೇ ವರ್ಷಕ್ಕೆ ಒಂದು ಪಾಠ ಬೇಕಾಗುತ್ತೆ ಅಂತ ಇನ್ನೆಲ್ಲಿ ಯೋಚಿಸ್ತಾರೆ?

ಕೊಡಗಿನವರಿಗೆ ದೊಡ್ಡ ಕಾಯಿಲೆ ಅಂದ್ರೆ ಮೈಸೂರು. ಅಲ್ಲಿ 1997ರಲ್ಲಿ ಆಶಾ ಕಿರಣ ಆಸ್ಪತ್ರೆ ಎಚ್‌ಐವಿ ಇರೋರಿಗಾಗಿ ಶುರುವಾಯ್ತು. ಅದರ ಹಿಂದಿದ್ದವರು ಮಕ್ಕಳ ವೈದ್ಯ ಎಸ್.ಎನ್. ಮೋತಿ. ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರು ಬಂದು ಮಲಗೋಕೆ ಒಂದು ಹಾಸಿಗೆ ಸಿಗೋದೇ ದೊಡ್ಡದಾಗಿದ್ದ ಕಾಲ ಅದು. ಔಷಧಿ ಇತ್ತು, ಆದರೆ ವಿದೇಶಿ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲೆ. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ ಅದೇ ಔಷಧಿಗಳನ್ನ ವರ್ಷಕ್ಕೆ 350 ಡಾಲರ್‌ಗೆ, ಅಂದ್ರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡ್ತೀವಿ ಅಂದಾಗ ಜಗತ್ತಿನ ಲೆಕ್ಕವೇ ಬದಲಾಯ್ತು. ಆದರೂ ಅಮ್ಮತ್ತಿಯ ಕೂಲಿಯವರಿಗೆ ದಿನಕ್ಕೊಂದು ಡಾಲರ್ ಕೂಡ ಆಗದ ಮಾತು. ಸರ್ಕಾರ ಕೊಡಲೇಬೇಕಿತ್ತು.

ಸರ್ಕಾರ ಕೊಡೋಕೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ದೇಶದ ಮೊದಲ ಎಂಟು ಉಚಿತ ಎಆರ್‌ಟಿ ಕೇಂದ್ರಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಎಆರ್‌ಟಿ ಅಂದ್ರೆ ವೈರಸ್ ಹೆಚ್ಚಾಗದ ಹಾಗೆ ಹಿಡಿದಿಡೋ ಔಷಧಿಗಳ ಜೋಡಿ. ಮಕ್ಕಳಿಗಾಗಿಯೇ ರಾಷ್ಟ್ರೀಯ ಯೋಜನೆ ಬರೋಕೆ ಇನ್ನೂ ಎರಡೂವರೆ ವರ್ಷ ಹಿಡೀತು: 2006ರ ನವೆಂಬರ್ 30ರಂದು, ಕ್ಲಿಂಟನ್ ಫೌಂಡೇಷನ್ ಜೊತೆ ಸೇರಿ. ಅಲ್ಲಿವರೆಗೆ? ದೊಡ್ಡವರ ಮಾತ್ರೆಯನ್ನ ಮುರಿದು ಕೊಡೋದು. ಅರ್ಧ ಮಾಡಿದರೆ ಎರಡೂ ಅರ್ಧ ಒಂದೇ ಸಮ ಬರಬೇಕಲ್ಲ? ಕಾಲು ಭಾಗ ಮಾಡಬೇಕಾದರೆ? ಮನೆಯಲ್ಲಿ ಚಾಕು ಹಿಡಿದು ಈ ಲೆಕ್ಕ ಮಾಡಿದವರು ಅಜ್ಜಿಯಂದಿರು, ಚಿಕ್ಕಮ್ಮಂದಿರು. ಅಕ್ಷರ ಬಾರದವರೂ ಇದನ್ನ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಮಾಡಿದ್ದಾರೆ. ನಾನು ಈ ಇತಿಹಾಸ ಬರೆಯೋದಾದರೆ ಇವರ ಅಧ್ಯಾಯವೇ ಎಲ್ಲಕ್ಕಿಂತ ಉದ್ದ ಇರುತ್ತೆ.

ಆಗಿನ ಮಾತ್ರೆಗಳಲ್ಲಿ ಸ್ಟಾವುಡೀನ್ ಅಂತ ಒಂದಿತ್ತು. ಅಗ್ಗ, ಕೆಲಸವೂ ಮಾಡ್ತಿತ್ತು. ಆದರೆ ಬಹಳ ಕಾಲ ತಗೊಂಡರೆ ಕೆನ್ನೆಯ ಕೊಬ್ಬು ಕರಗಿ ಮುಖ ಬತ್ತಿದ ಹಾಗೆ ಕಾಣೋದು. ಜೀವ ಉಳಿಸೋ ಮಾತ್ರೆಯೇ ಮುಖದ ಮೇಲೆ ಗುರುತು ಹಾಕ್ತಿತ್ತು. ಇನ್ನೊಂದು ಎಫಾವಿರೆಂಜ್, ರಾತ್ರಿ ಮಲಗೋವಾಗ ತಗೊಳ್ಳೋದು. ತಲೆಸುತ್ತು, ವಿಚಿತ್ರ ಕನಸು. ಹತ್ತು ವರ್ಷದ ಮಗು ರಾತ್ರಿ ಚೀರಿ ಏಳ್ತಿದ್ರೆ ಅದು ಮಾತ್ರೆಯ ಕೆಲಸ ಅಂತ ಮನೆಯವರಿಗೆ ಯಾರಾದರೂ ಹೇಳಿದ್ದರೆ ಸರಿ, ಇಲ್ಲದಿದ್ದರೆ ತಾಯಿತ ಕಟ್ಟಿಸೋರು.

ಇದೇ ಹೊತ್ತಿಗೆ ಪಕ್ಕದ ಕೇರಳದಲ್ಲಿ ಒಂದು ಘಟನೆ. ಕೊಲ್ಲಂ ಜಿಲ್ಲೆಯಲ್ಲಿ ಅಪ್ಪ-ಅಮ್ಮ ಇಬ್ಬರನ್ನೂ ಕಳ್ಕೊಂಡ ಅಕ್ಕ-ತಮ್ಮ, ಇಬ್ಬರಿಗೂ ಎಚ್‌ಐವಿ, ನೋಡ್ಕೊಳ್ತಿದ್ದಿದ್ದು ಅಜ್ಜ. ಈ ಮಕ್ಕಳು ಬಂದ್ರೆ ನಮ್ಮ ಮಕ್ಕಳನ್ನ ಕಳಿಸಲ್ಲ ಅಂತ ಬೇರೆ ಪೋಷಕರು ಪಟ್ಟು ಹಿಡಿದರು. 2003ರಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಆ ಮಕ್ಕಳನ್ನ ಎಲ್ಲರೆದುರು ಅಪ್ಪಿಕೊಂಡ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಫೋಟೋ ನೋಡಿದಾಗಲೆಲ್ಲ ನನಗೆ ಬೇರೆಯದೇ ಒಂದು ಯೋಚನೆ ಬರುತ್ತೆ. ಇಡೀ ದೇಶಕ್ಕೆ ಮುಖ ಗೊತ್ತಾದ ಮೇಲೆ ಆ ಮಕ್ಕಳು ಮರುದಿನ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟಾಗ ಅವರ ಮನಸ್ಸಲ್ಲಿ ಏನಿತ್ತು? ಅಪ್ಪುಗೆ ಒಂದು ಕ್ಷಣದ್ದು. ಮರುದಿನಕ್ಕೆ ಬೇಕಾದ್ದು ಬೇರೆ.

ಮರುದಿನಕ್ಕೆ ಏನು ಬೇಕು ಅನ್ನೋ ಪ್ರಶ್ನೆ ಗಟ್ಟಿಯಾಗಿ ಎದ್ದಿದ್ದು ಮಕ್ಕಳು ಸಾಯೋದು ನಿಂತ ಮೇಲೆ. ಮಾತ್ರೆ ಕೆಲಸ ಮಾಡ್ತು. ಮೂರು ವರ್ಷದ ಮಗು ಐದಾಯ್ತು, ಎಂಟಾಯ್ತು, ಹನ್ನೊಂದಾಯ್ತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಹೊರಗೆ ಹಾಕಿತು. 2005ರಿಂದ 2012ರ ನಡುವೆ ಜಗತ್ತಿನಲ್ಲಿ ಎಚ್‌ಐವಿ ಸಂಬಂಧಿ ಸಾವುಗಳು ಒಟ್ಟಾರೆ ಶೇ. 30ರಷ್ಟು ಇಳಿದಿದ್ದವು. ಅದೇ ಅವಧಿಯಲ್ಲಿ ಹದಿಹರೆಯದವರ ಸಾವು ಶೇ. 50ರಷ್ಟು ಏರಿತ್ತು. ಮತ್ತೆ ಕೇಳಿಸ್ಕೊಳ್ಳಿ. ಎಲ್ಲರದ್ದೂ ಇಳೀತು, ಇವರದ್ದು ಏರಿತು.

ಯಾಕೆ? ಮೊದಲ ಕಾರಣ, ಎಷ್ಟೋ ಮಕ್ಕಳ ಸೋಂಕು ಗೊತ್ತಾಗೋದೇ ತಡ. ಎರಡನೇದನ್ನ ನೀವೇ ಊಹಿಸಬಹುದು, ನೀವೂ ಆ ವಯಸ್ಸು ದಾಟಿ ಬಂದವರೇ ಅಲ್ವಾ. ಆರು ವರ್ಷದ ಮಗುವಿಗೆ ಅಜ್ಜಿ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಸ್ತಾರೆ. ಹನ್ನೆರಡು ವರ್ಷದವಳು ಯಾಕೆ ಅಂತ ಕೇಳ್ತಾಳೆ.

"ಅಜ್ಜಿ, ನಾನೊಬ್ಬಳೇ ಯಾಕೆ ದಿನಾ ಮಾತ್ರೆ ತಗೋಬೇಕು?"

"ಮೈಲಿ ರಕ್ತ ಕಮ್ಮಿ ಐತೆ ಮಗಾ, ಅದಕ್ಕೆ."

ಈ ಉತ್ತರ ಎಂಟು ವರ್ಷದವರೆಗೆ ನಡೆಯುತ್ತೆ. ಆಮೇಲೆ ಹುಡುಗಿ ಆಸ್ಪತ್ರೆ ಗೋಡೆಯ ಮೇಲಿನ ಪೋಸ್ಟರ್ ಓದ್ತಾಳೆ. ಮಾತ್ರೆ ಡಬ್ಬದ ಮೇಲಿನ ಹೆಸರನ್ನ ಫೋನಲ್ಲಿ ಹುಡುಕ್ತಾಳೆ. ವಿಜ್ಞಾನದ ಪಾಠದಲ್ಲಿ ಆ ಮೂರು ಅಕ್ಷರ ಬಂದಾಗ ಪಕ್ಕದ ಬೆಂಚಿನವರು ನಕ್ಕಿದ್ದನ್ನ ಕೇಳಿಸ್ಕೊಳ್ತಾಳೆ. ಅವಳಿಗೆ ಗೊತ್ತಾಗಿರುತ್ತೆ, ಗೊತ್ತಾಗಿದೆ ಅಂತ ಅಜ್ಜಿಗೆ ಗೊತ್ತಿರಲ್ಲ. ಒಂದೇ ಲೈನ್ ಮನೆಯ ಒಂದೇ ಕೋಣೆಯಲ್ಲಿ ಇಬ್ಬರೂ ಒಬ್ಬರಿಂದ ಒಬ್ಬರು ಒಂದೇ ವಿಷಯ ಬಚ್ಚಿಡ್ತಿರ್ತಾರೆ. ಒಂದು ದಿನ ಮಾತ್ರೆ ದಿಂಬಿನ ಕೆಳಗೆ ಹೋಗುತ್ತೆ, ಇನ್ನೊಂದು ದಿನ ಕಾಫಿ ಗಿಡದ ಬುಡಕ್ಕೆ. ಹೀಗೆ ಪದೇ ಪದೇ ಬಿಟ್ಟರೆ ವೈರಸ್ ಔಷಧಿಗೆ ಜಗ್ಗದ ಹಾಗೆ ಬದಲಾಗಿಬಿಡಬಹುದು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿಯೇ ಒಂದು ಮಾರ್ಗಸೂಚಿ ತಂತು: ಶಾಲೆಗೆ ಹೋಗೋ ವಯಸ್ಸಿನ ಮಕ್ಕಳಿಗೆ ಅವರ ಸೋಂಕಿನ ವಿಷಯ ಹೇಳಬೇಕು, ಒಂದೇ ಸಲ ಅಲ್ಲ, ವಯಸ್ಸಿಗೆ ತಕ್ಕ ಹಾಗೆ ಹಂತ ಹಂತವಾಗಿ. ಮೊದಲು ನಿನ್ನ ರಕ್ತದಲ್ಲಿ ಸೈನಿಕರಿದ್ದಾರೆ, ಅವರಿಗೆ ಊಟ ಈ ಮಾತ್ರೆ. ಆಮೇಲೆ ಅವರ ಜೊತೆ ಜಗಳಕ್ಕೆ ಬರೋ ಒಂದು ಹುಳ ಇದೆ, ಅದು ಈಗ ನಿದ್ದೆ ಮಾಡ್ತಿದೆ, ಎಬ್ಬಿಸಬಾರದು. ಆಮೇಲೆ, ಅವಳು ತಯಾರಾದಾಗ, ಆ ಹುಳದ ಹೆಸರು. ಆಪ್ತ ಸಮಾಲೋಚಕರು ಹೀಗೆ ಹೇಳಿಕೊಡೋದನ್ನ ಕೇಳಿದರೆ ಸುಲಭ ಅನ್ನಿಸುತ್ತೆ. ಆದರೆ ಹೆಸರು ಹೇಳಿದ ಮೇಲೆ ಬರೋ ಮುಂದಿನ ಪ್ರಶ್ನೆ ಇದೆಯಲ್ಲ, ಅದಕ್ಕೆ ಯಾರೂ ತಯಾರಿರಲ್ಲ. "ನನಗೆ ಇದು ಹೇಗೆ ಬಂತು?" ಎಷ್ಟೋ ತಾಯಂದಿರು ಇಷ್ಟು ವರ್ಷ ಬಾಯಿ ಬಿಡದೇ ಇರೋದು ಈ ಒಂದು ಪ್ರಶ್ನೆಗೆ ಹೆದರಿ. ನಮ್ಮ ಕಥೆಯ ಅಜ್ಜಿಗೆ ಇನ್ನೂ ಕಷ್ಟ. ಅವರು ಹೇಳಬೇಕಾಗಿರೋದು ಸತ್ತು ಹೋದ ಮಗಳ ಬಗ್ಗೆ.

ಇಲ್ಲೇ ಬರೋದು ಜೀವನ ಕೌಶಲ ಅನ್ನೋ ಮಾತು. ಕೇಳಿದ ತಕ್ಷಣ ಯಾವುದೋ ವ್ಯಕ್ತಿತ್ವ ವಿಕಸನ ಶಿಬಿರದ ಬ್ಯಾನರ್ ನೆನಪಾದರೆ ನಿಮ್ಮ ತಪ್ಪಲ್ಲ. ಆದರೆ ಆ ಪದದ ಇತಿಹಾಸ ಗಂಭೀರವಾದ್ದು. ವಿಶ್ವ ಆರೋಗ್ಯ ಸಂಸ್ಥೆ 1993ರ ಹೊತ್ತಿಗೆ ಶಾಲಾ ಮಕ್ಕಳಿಗೆ ಬೇಕಾದ ಹತ್ತು ಕೌಶಲಗಳನ್ನ ಗುರುತಿಸಿತು. ನಿರ್ಧಾರ ತಗೊಳ್ಳೋದು, ಸಮಸ್ಯೆ ಬಿಡಿಸೋದು, ತನ್ನನ್ನ ತಾನು ಅರಿಯೋದು, ಒತ್ತಡ ತಡೆಯೋದು, ಮಾತು ಮುಟ್ಟಿಸೋದು, ಹೀಗೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಇದನ್ನ ಪ್ರೌಢಶಾಲೆಯ ಮೇಷ್ಟ್ರು, ಟೀಚರ್‌ಗಳೇ ನಡೆಸಬಹುದಾದ ಚಟುವಟಿಕೆಗಳಾಗಿ ರೂಪಿಸಿದರು. ಭಾಷಣ ಅಲ್ಲ, ಗುಂಪು ಚರ್ಚೆ, ಪಾತ್ರ ಹಾಕಿ ಆಡೋದು, ಆಟ. 2010ರಲ್ಲಿ ಅವರು ಅದರ ಫಲಿತಾಂಶವನ್ನೂ ಪ್ರಕಟಿಸಿದರು. ಪಾಠ ಸಿಕ್ಕ ಮಕ್ಕಳು ತಮ್ಮ ಮೇಲಿನ ನಂಬಿಕೆಯಲ್ಲಿ, ಕಷ್ಟ ಎದುರಿಸೋದರಲ್ಲಿ ಸಿಗದ ಮಕ್ಕಳಿಗಿಂತ ಮುಂದಿದ್ದರು.

ಅಷ್ಟರಲ್ಲಿ ಒಂದು ಎಡವಟ್ಟು. ಕೇಂದ್ರ ಸರ್ಕಾರ 2005ರಲ್ಲಿ ನ್ಯಾಕೋ ಜೊತೆ ಸೇರಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತ್ತು. ಎಚ್‌ಐವಿ ಬಗ್ಗೆ, ದೇಹದ ಬದಲಾವಣೆ ಬಗ್ಗೆ ಮಾತಾಡೋ ಪಾಠ. 2007ರಲ್ಲಿ ಹಲವು ರಾಜ್ಯಗಳು ಇದು ನಮ್ಮ ಸಂಸ್ಕೃತಿಗೆ ಹೊಂದಲ್ಲ ಅಂತ ಅದನ್ನ ತಡೆದವು. ಆ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. 2006ರಲ್ಲಿ ಮಕ್ಕಳಿಗೆ ಮಾತ್ರೆ ಕೊಟ್ಟೆವು. 2007ರಲ್ಲಿ ಆ ಮಾತ್ರೆ ಯಾಕೆ ಅಂತ ತರಗತಿಯಲ್ಲಿ ಮಾತಾಡೋ ದಾರಿಯನ್ನ ಮುಚ್ಚಿದೆವು. ಸೋಂಕಿನ ಜೊತೆ ಬೆಳೀತಿದ್ದ ಮಗು ಅದೇ ತರಗತಿಯಲ್ಲಿ ಕೂತಿತ್ತು ಅನ್ನೋದು ಚರ್ಚೆ ಮಾಡಿದ ಯಾರ ತಲೆಗೂ ಬಂದ ಹಾಗೆ ಕಾಣಲ್ಲ.

ಹಾಗಾಗಿ ಈ ಕೆಲಸ ಶಾಲೆಯಿಂದ ಹೊರಗೆ ಬೆಳೀತು. ಆಸ್ಪತ್ರೆಗಳ ಹಿಂದಿನ ಕೋಣೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳ ಭಾನುವಾರದ ಕೂಟಗಳಲ್ಲಿ, ಎಚ್‌ಐವಿ ಇರೋರೇ ಕಟ್ಟಿಕೊಂಡ ಸಂಘಗಳಲ್ಲಿ. ಬೆಂಗಳೂರಿನಲ್ಲಿ ಸೋಂಕಿರೋ ಮಹಿಳೆಯರು ಮತ್ತು ಅವರ ಕುಟುಂಬಗಳ ಆಸರೆಗೆ ನಿಂತ ಮಿಲನ ಅಂಥದ್ದೊಂದು. 2006ರಲ್ಲಿ ಅಮೆರಿಕದ ನೆರವಿನಿಂದ ಶುರುವಾದ ಸಮಸ್ತ ಯೋಜನೆ, ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಆರೈಕೆಯ ಜಾಲ ಕಟ್ಟಿತು.

ಇಂಥ ಕೂಟಗಳಲ್ಲಿ ಏನು ಮಾಡ್ತಾರೆ? ಹತ್ತರಿಂದ ಹದಿನಾಲ್ಕು ವರ್ಷದ ಹತ್ತು ಹದಿನೈದು ಮಕ್ಕಳು ಸುತ್ತ ಕೂತಿರ್ತಾರೆ. ನಡೆಸೋರು ಒಂದು ಸನ್ನಿವೇಶ ಕೊಡ್ತಾರೆ. ಗೆಳತಿ ನಿನ್ನ ಬ್ಯಾಗಲ್ಲಿ ಮಾತ್ರೆ ನೋಡಿ, ಏನೇ ಇದು ಅಂತ ಕೇಳ್ತಾಳೆ. ಏನು ಹೇಳ್ತೀಯ? ಒಬ್ಬ ವಿಟಮಿನ್ ಅಂತಾನೆ. ಇನ್ನೊಬ್ಬಳು ನಿನಗ್ಯಾಕೆ ಅಂತ ಜಗಳ ತೆಗೀತಾಳೆ. ಮೂರನೇದವಳು ಮಾತು ಬದಲಿಸೋದು ಹೇಗೆ ಅಂತ ತೋರಿಸ್ತಾಳೆ, ಎಲ್ಲರೂ ನಗ್ತಾರೆ. ಆ ನಗು ಇದೆಯಲ್ಲ, ಅರ್ಧ ಔಷಧಿ ಅಲ್ಲೇ ಇದೆ. ಯಾಕಂದ್ರೆ ಆ ಕೋಣೆಗೆ ಬರೋ ಮೊದಲು ಪ್ರತಿ ಮಗುವೂ ಇಂಥ ಪ್ರಶ್ನೆ ಇರೋದು ನನಗೊಬ್ಬಳಿಗೇ ಅಂದ್ಕೊಂಡಿರುತ್ತೆ.

ಕರ್ನಾಟಕದ ಸರ್ಕಾರಿ ಶಾಲೆ ಮಕ್ಕಳಿಗೆ ಇನ್ನೊಂದು ದೊಡ್ಡ ಸನ್ನಿವೇಶ ಇದೆ: ಹಾಸ್ಟೆಲ್. ಆರನೇ ಕ್ಲಾಸಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೀಟು ಸಿಕ್ಕರೆ ಕೂಲಿ ಕುಟುಂಬಕ್ಕೆ ಅದು ಹಬ್ಬ. ಕೊಡಗಿನ ಯರವ, ಜೇನುಕುರುಬ ಮಕ್ಕಳು ಎಷ್ಟೋ ಜನ ಓದೋದು ಆಶ್ರಮ ಶಾಲೆಗಳಲ್ಲಿ ಉಳ್ಕೊಂಡೇ. ಸೋಂಕಿರೋ ಮಗುವಿನ ಮನೆಯಲ್ಲಿ ಸೀಟು ಸಿಕ್ಕಿದ ಸಂತೋಷದ ಜೊತೆಗೇ ಲೆಕ್ಕ ಶುರು. ಟ್ರಂಕಿನಲ್ಲಿ ಡಬ್ಬ ಎಲ್ಲಿಡೋದು? ಮಾತ್ರೆ ಅಲ್ಲಾಡೋ ಸದ್ದು ಬರದ ಹಾಗೆ ಹತ್ತಿ ತುಂಬಬೇಕಾ? ವಾರ್ಡನ್‌ಗೆ ಹೇಳಬೇಕಾ, ಬೇಡ್ವಾ? ಹೇಳಿದರೆ ಅವರು ಯಾರಿಗೆ ಹೇಳ್ತಾರೆ? ಈ ನಿರ್ಧಾರ ಹನ್ನೊಂದು ವರ್ಷದ ಮಗುವಿನ ತಲೆ ಮೇಲೆ. ನಿರ್ಧಾರ ತಗೊಳ್ಳೋ ಕೌಶಲ ಅನ್ನೋ ಪುಸ್ತಕದ ಮಾತಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇರಲಾರದು.

ಮಗುವಿಗೆ ಮಾತ್ರ ಕಲಿಸಿ ಕಳಿಸಿದರೂ ಆಗಲ್ಲ ಅನ್ನೋದು ನಿಧಾನವಾಗಿ ಅರ್ಥವಾಯ್ತು. ಮನೆಗೆ ಹೋದರೆ ಅದೇ ಅಜ್ಜಿ, ಅದೇ ಭಯ. ಆಫ್ರಿಕಾದ ಜಿಂಬಾಬ್ವೆಯಲ್ಲಿ 2004ರಲ್ಲಿ ಒಂದು ಚಿಕ್ಕ ಗುಂಪಾಗಿ ಶುರುವಾದ ಜ್ವಾಂದಿರಿ ಇದನ್ನ ಚೆನ್ನಾಗಿ ತೋರಿಸಿಕೊಡ್ತು. ಅಲ್ಲಿನ ಶೋನಾ ಭಾಷೆಯಲ್ಲಿ ಆ ಹೆಸರಿಗೆ ನಾನು ಇರೋ ಹಾಗೆ ಅನ್ನೋ ಅರ್ಥ. ಸೋಂಕಿನ ಜೊತೆಯೇ ಬೆಳೆದ ಹದಿನೆಂಟು ಇಪ್ಪತ್ತರ ಯುವಕ ಯುವತಿಯರು ತಮಗಿಂತ ಚಿಕ್ಕವರ ಮನೆಗೆ ಹೋಗ್ತಾರೆ, ಮೆಸೇಜ್ ಮಾಡ್ತಾರೆ, ತಿಂಗಳಿಗೊಮ್ಮೆ ಗುಂಪು ಸೇರಿಸ್ತಾರೆ. ಪಾಲಕರಿಗೂ ಬೇರೆ ಗುಂಪು. ಹಳ್ಳಿಗಾಡಿನಲ್ಲಿ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2020ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಬರೀ ಮಾಮೂಲಿ ಚಿಕಿತ್ಸೆ ಸಿಕ್ಕ ಕಡೆ, ಎರಡು ವರ್ಷದ ಹತ್ತಿರ, ನೂರಕ್ಕೆ 36 ಮಕ್ಕಳಲ್ಲಿ ವೈರಸ್ ಹತೋಟಿ ತಪ್ಪಿತ್ತು ಅಥವಾ ಮಗು ತೀರಿಕೊಂಡಿತ್ತು. ಈ ಬೆಂಬಲ ಸಿಕ್ಕ ಕಡೆ ಅದು 25. ಮಾತ್ರೆ ಎರಡೂ ಕಡೆ ಸಿಗ್ತಿತ್ತು. ವ್ಯತ್ಯಾಸ ಮಾಡಿದ್ದು ಜೊತೆಗಿದ್ದ ಜನ.

ಇದರ ಪಕ್ಕದಲ್ಲಿ ನಮ್ಮದೇ ಒಂದು ಅನುಭವ ಇಟ್ಟು ನೋಡಿ, ಫೋನ್ ಹಿಡಿದಿರೋ ನಿಮಗೆ ಇಷ್ಟ ಆಗುತ್ತೆ. ದಕ್ಷಿಣ ಭಾರತದ ಮೂರು ಕಡೆ, ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನಿತಾ ಶೇಟ್ ಮತ್ತು ಜೊತೆಗಾರರು 631 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಇವರು ದೊಡ್ಡವರು, ಮಕ್ಕಳಲ್ಲ. ಅರ್ಧ ಜನರಿಗೆ ವಾರಕ್ಕೊಮ್ಮೆ ಅವರದೇ ಭಾಷೆಯಲ್ಲಿ ರೆಕಾರ್ಡ್ ಮಾಡಿದ ಫೋನ್ ಕರೆ, ಒಂದು ಚಿತ್ರದ ಮೆಸೇಜ್. ಮಾತ್ರೆ ತಗೊಂಡ್ರಾ ಅಂತ ನೆನಪಿಸೋಕೆ. 2014ರಲ್ಲಿ ಬಿಎಂಜೆಯಲ್ಲಿ ಫಲಿತಾಂಶ ಬಂತು: ಯಾವ ವ್ಯತ್ಯಾಸವೂ ಆಗಲಿಲ್ಲ. ನನಗೆ ಇದು ಸೋಲಿನ ಸುದ್ದಿ ಅನ್ನಿಸಲ್ಲ. ಜನ ಮಾತ್ರೆ ಬಿಡೋದು ಮರೆವಿನಿಂದ ಅಂತ ನಾವು ಸುಲಭವಾಗಿ ಅಂದ್ಕೊಳ್ತೀವಿ. ದಿಂಬಿನ ಕೆಳಗೆ ಮಾತ್ರೆ ಇಡೋ ಹುಡುಗಿ ಮರೆತು ಇಡ್ತಿಲ್ಲವಲ್ಲ.

ಇನ್ನು ಕಾನೂನು. ಕರ್ನಾಟಕದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ ಅವಕಾಶ ವಂಚಿತ ಮಕ್ಕಳ ಪಟ್ಟಿಯಲ್ಲಿ ಎಚ್‌ಐವಿ ಬಾಧಿತ ಮಕ್ಕಳೂ ಇದ್ದಾರೆ. ಸೋಂಕಿರೋ ಅಥವಾ ಸೋಂಕಿನಿಂದ ಮನೆ ಮುರಿದ ಮಕ್ಕಳಿಗೆ ತಿಂಗಳ ನೆರವು ಕೊಡೋ ವಿಶೇಷ ಪಾಲನಾ ಯೋಜನೆ ರಾಜ್ಯದಲ್ಲಿ ಬಂತು. ದೊಡ್ಡದು ಅಂದ್ರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ರಂದು. ಶಾಲೆ, ಕೆಲಸ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲೂ ತಾರತಮ್ಯ ಮಾಡೋ ಹಾಗಿಲ್ಲ. ನೂರು ಅಥವಾ ಹೆಚ್ಚು ಜನ ಇರೋ ಸಂಸ್ಥೆಯಲ್ಲಿ ದೂರು ಕೇಳೋಕೆ ಒಬ್ಬ ಅಧಿಕಾರಿ ಇರಬೇಕು. ದೊಡ್ಡ ತೋಟದ ಕಂಪನಿಗಳೂ ಈ ಲೆಕ್ಕದಲ್ಲಿ ಬರ್ತವೆ.

ಆದರೆ ಆ ಕಾಯ್ದೆಯಲ್ಲಿ ನನ್ನನ್ನ ಓದು ನಿಲ್ಲಿಸಿ ಕೂರೋ ಹಾಗೆ ಮಾಡಿದ್ದು 32ನೇ ಸೆಕ್ಷನ್. ಹನ್ನೆರಡರಿಂದ ಹದಿನೆಂಟು ವರ್ಷದೊಳಗಿನ ಮಗು, ಸಾಕಷ್ಟು ತಿಳುವಳಿಕೆ ಇದ್ದು, ಎಚ್‌ಐವಿ ಬಾಧಿತ ಕುಟುಂಬದ ವ್ಯವಹಾರ ತಾನೇ ನೋಡಿಕೊಳ್ತಿದ್ದರೆ, ತನ್ನ ತಮ್ಮ ತಂಗಿಯರಿಗೆ ಪಾಲಕ ಆಗಬಹುದು. ಶಾಲೆಗೆ ಸೇರಿಸೋಕೆ, ಚಿಕಿತ್ಸೆ ಕೊಡಿಸೋಕೆ, ಬ್ಯಾಂಕ್ ಖಾತೆ ನಡೆಸೋಕೆ. ಹನ್ನೆರಡು ವರ್ಷ! ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು, ಮಗುವಿನ ಮೇಲೆ ಇದೆಂಥ ಹೊರೆ ಅಂತ. ಆಮೇಲೆ ಅನ್ನಿಸ್ತು, ಹೊರೆ ಹಾಕಿದ್ದು ಕಾನೂನಲ್ಲ. ಅಪ್ಪ-ಅಮ್ಮ ಇಲ್ಲದ ಮನೆಗಳಲ್ಲಿ ಅಕ್ಕ ಆಗಲೇ ಅದನ್ನ ಹೊತ್ತಿದ್ದಳು. ಅವಳ ಸಹಿ ನಡೆಯುತ್ತೆ ಅಂತ ಒಪ್ಪಿಕೊಳ್ಳೋಕೆ ದೇಶಕ್ಕೆ ಮೂವತ್ತು ವರ್ಷ ಬೇಕಾಯ್ತು. ಸಹಿ ಹಾಕೋ ಹಕ್ಕು ಕೊಟ್ಟೆವು, ಸರಿ. ಆ ಸಹಿ ಹಾಕೋ ಧೈರ್ಯವನ್ನ ಎಲ್ಲಿ ಕಲೀತಾಳೆ ಅನ್ನೋದಕ್ಕೆ ಆ ಸೆಕ್ಷನ್‌ನಲ್ಲಿ ಒಂದು ಸಾಲೂ ಇಲ್ಲ.

ಈಗಿನ ಮಾತಿಗೆ ಬರೋಣ. ಸಂತೋಷದ ಸುದ್ದಿ ಅಂದ್ರೆ ಇಂಥ ಮಕ್ಕಳು ಕಡಿಮೆಯಾಗ್ತಿದ್ದಾರೆ. 2002ರ ಸುಮಾರಿಗೆ ಹೆರಿಗೆ ಹೊತ್ತಿನಲ್ಲಿ ಒಂದೇ ಒಂದು ನೆವಿರಾಪಿನ್ ಮಾತ್ರೆ ಕೊಡ್ತಿದ್ದ ಕಾರ್ಯಕ್ರಮ, 2014ರಿಂದ ಸೋಂಕಿರೋ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಚಿಕಿತ್ಸೆ ಅಂತ ಬದಲಾಯ್ತು. ಸರಿಯಾಗಿ ಚಿಕಿತ್ಸೆ ನಡೆದರೆ ಮಗುವಿಗೆ ಸೋಂಕು ದಾಟೋದು ನೂರಕ್ಕೆ ಐದಕ್ಕಿಂತ ಕಡಿಮೆ. ಮಾತ್ರೆಗಳೂ ಒಳ್ಳೆಯವು ಬಂದವು. ನೀರಲ್ಲಿ ಕರಗೋ ಮಕ್ಕಳ ಡೊಲುಟೆಗ್ರಾವಿರ್ ಈಗ ಇದೆ, ಚಾಕು ಬೇಡ. ಮಾತ್ರೆ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟಲ್ಲ ಅನ್ನೋದೂ ಖಚಿತವಾಗಿದೆ. ನಮ್ಮ ಹುಡುಗಿ ಮುಂದೆ ಮದುವೆ ಆಗಬಹುದು, ಸೋಂಕಿಲ್ಲದ ಮಗುವನ್ನ ಹೆರಬಹುದು. ಇದನ್ನ ಅವಳಿಗೆ ಯಾರಾದರೂ ಹೇಳಿದ್ದಾರಾ?

ಕಡಿಮೆಯಾಗ್ತಿರೋದೇ ಇನ್ನೊಂದು ತೊಂದರೆಗೆ ದಾರಿ. ಮಕ್ಕಳು ಕಮ್ಮಿ ಆದ ಹಾಗೆ ಅವರ ಹೆಸರಲ್ಲಿ ಬರ್ತಿದ್ದ ಯೋಜನೆಗಳು ಮುಗೀತವೆ. ಸಮಸ್ತ ಐದಾರು ವರ್ಷ ನಡೆದು ನಿಂತಿತು. ಯೋಜನೆಗಳಿಗೆ ಅವಧಿ ಇರುತ್ತೆ, ಹನ್ನೆರಡನೇ ವರ್ಷಕ್ಕೆ ಕಾಲಿಡೋ ಮಗು ಆ ಅವಧಿ ನೋಡಿ ಬೆಳೆಯಲ್ಲ. ಬೆಂಗಳೂರು, ಮೈಸೂರಿನಲ್ಲಿ ಹತ್ತು ಮಕ್ಕಳನ್ನ ಒಂದು ಕೋಣೆಯಲ್ಲಿ ಸೇರಿಸಬಹುದು. ಅಮ್ಮತ್ತಿಯಂಥ ಊರಲ್ಲಿ ಅವಳು ಒಬ್ಬಳೇ ಇರಬಹುದು. ಇಬ್ಬರಿದ್ದರೂ ಒಬ್ಬರಿಗೊಬ್ಬರು ಗೊತ್ತಿರಲ್ಲ, ಗೊತ್ತಾಗಬಾರದು ಅಂತಲೇ ಇಬ್ಬರ ಮನೆಯವರೂ ಒದ್ದಾಡ್ತಿರ್ತಾರೆ. ಚಿಕ್ಕ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದು ನಮ್ಮ ಊರುಗಳ ಚಂದ, ಇಂಥವರಿಗೆ ಅದೇ ಭಯ.

ಮತ್ತೆ ಮಳೆ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಹರಿದಾಗ ಅಮ್ಮತ್ತಿಗೆ ದೂರವಲ್ಲದ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಮನೆಗಳು ಹೋದವು, ಜನ ಪರಿಹಾರ ಕೇಂದ್ರ ಸೇರಿದರು. ದೊಡ್ಡ ಹಾಲ್‌ನಲ್ಲಿ ಎಲ್ಲರ ನಡುವೆ ಚಾಪೆ ಹಾಸಿ ಮಲಗಿದಾಗ ರಾತ್ರಿಯ ಮಾತ್ರೆ ಹೇಗೆ ತಗೊಳ್ಳೋದು? ಡಬ್ಬ ನೀರಲ್ಲಿ ಹೋಗಿದ್ದರೆ ಯಾರನ್ನ ಕೇಳೋದು? ಮುಂಗಾರಿಗೆ ಮುಂಚೆ ಮಾತ್ರೆಯನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಡು, ಚಿಕಿತ್ಸೆಯ ಪುಸ್ತಕದ ಫೋಟೋ ಫೋನಲ್ಲಿರಲಿ, ಮಡಿಕೇರಿ ದಾರಿ ಮುಚ್ಚಿದರೆ ಬೇರೆ ಊರಿನ ಎಆರ್‌ಟಿ ಕೇಂದ್ರದಲ್ಲೂ ಕೇಳಬಹುದು. ಕೊಡಗಿನಲ್ಲಿ ಜೀವನ ಕೌಶಲ ಅಂದ್ರೆ ಇದೂ ಸೇರುತ್ತೆ.

ಮೊದಮೊದಲು ಮಾತ್ರೆ ಸಿಕ್ಕ ಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ. ಅವರಲ್ಲಿ ಕೆಲವರು ತಮಗಿಂತ ಚಿಕ್ಕವರ ಗುಂಪು ನಡೆಸ್ತಿದ್ದಾರೆ, ಕೆಲವರಿಗೆ ಮದುವೆಯಾಗಿದೆ. ಅಮ್ಮತ್ತಿಯ ಹುಡುಗಿಗೆ ಬೇಕಾಗಿರೋದು ಅಂಥ ಒಬ್ಬ ಅಕ್ಕ. ಗುಂಪು ಸೇರಿಸೋಕಾಗದ ಊರಲ್ಲಿ ಫೋನಿನ ಆ ತುದಿಯಲ್ಲಾದರೂ ಒಬ್ಬಳು. ರೆಕಾರ್ಡ್ ಮಾಡಿದ ದನಿ ಅಲ್ಲ, ತಿರುಗಿ ಮಾತಾಡೋಳು.

ಸಂಜೆ ಮಡಿಕೇರಿಯಿಂದ ವಾಪಸ್ ಬಸ್ಸು. ಅಜ್ಜಿಯ ಬ್ಯಾಗಲ್ಲಿ ಮುಂದಿನ ಮಾತ್ರೆಗಳು, ಮೇಲೆ ತರಕಾರಿ. ಇವತ್ತು ಆಪ್ತ ಸಮಾಲೋಚಕಿ ಅಜ್ಜಿಯನ್ನ ಪಕ್ಕಕ್ಕೆ ಕರೆದು, "ಇನ್ನು ತಡ ಮಾಡೋದು ಬೇಡ ಅಜ್ಜಿ, ಮುಂದಿನ ಸಲ ಬಂದಾಗ ಮೂವರೂ ಕೂತು ಮಾತಾಡೋಣ" ಅಂದಿದ್ದಾರೆ ಅಂತಿಟ್ಕೊಳ್ಳಿ. ಅಜ್ಜಿ ತಲೆ ಆಡಿಸಿದ್ದಾರೆ. ಹುಡುಗಿ ಕಿಟಕಿ ಪಕ್ಕ ಕೂತು ಕೇಳ್ತಾಳೆ, "ಏನಂತೆ ಅಜ್ಜಿ?"

ನಿಮ್ಮ ಮನೆಯಲ್ಲೋ, ನಿಮಗೆ ಗೊತ್ತಿರೋರ ಮನೆಯಲ್ಲೋ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರಾದರೂ ಇದ್ದರೆ, ನ್ಯಾಕೋ ಸಹಾಯವಾಣಿ ಸಂಖ್ಯೆ 1097. ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ.